ಹೊರದೇಶದಲ್ಲಿ ನೆಲೆಸಲು ಅರ್ಜಿ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶಕ್ಕೆ ಅರ್ಜಿ ಹಾಕುವವರಿಗೆ ತುಮಕೂರಿನಲ್ಲಿ ಕೂತು ಕಾಗದ ಪತ್ರ ಜೋಡಿಸಿಕೊಡುವುದು ನನ್ನ ಕೆಲಸ. ಮದುವೆ ಮನೆಯಲ್ಲಿ, ವಾಟ್ಸಾಪಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲರೂ ಯಾವ ದೇಶ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಶಿರಾದಲ್ಲಿ, ಮುಳಬಾಗಿಲಿನಲ್ಲಿ, ಬಾಗೇಪಲ್ಲಿಯಲ್ಲಿ. ಅಂದರೆ ನಮ್ಮ ಊರಿನ ಕಾಗದಗಳಲ್ಲಿ. ಅದಕ್ಕೇ ಆ ಭಾಗ ಕೆಳಗೆ ಸ್ವಲ್ಪ ಉದ್ದ ಇದೆ.

ಶುಲ್ಕ, ಅಂಕ, ವರ್ಷದ ಲೆಕ್ಕ ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ದಿನ ಆಯಾ ದೇಶದ ಸರ್ಕಾರದ ಪುಟವನ್ನು ಒಮ್ಮೆ ತೆರೆದು ನೋಡಿ.

## ಮೊದಮೊದಲ ಪ್ರಶ್ನೆಗಳು

ವೀಸಾ, ಪಿ.ಆರ್., ಸಿಟಿಜನ್‌ಶಿಪ್ ಎಲ್ಲಾ ಒಂದೇ ಅಲ್ವಾ ಮೇಡಂ?

ಅಲ್ಲ. ವೀಸಾ ಅಂದರೆ ಒಳಗೆ ಬರಲು ಅನುಮತಿ. ಒಂದು ಕೆಲಸಕ್ಕೆ, ಒಂದು ಅವಧಿಗೆ. ಕೆಲಸದ ವೀಸಾದಲ್ಲಿದ್ದವರು ಕೆಲಸ ಕಳೆದುಕೊಂಡರೆ ಬೇಗ ಇನ್ನೊಂದು ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಪಿ.ಆರ್. ಅಂದರೆ ಕಾಯಂ ವಾಸದ ಹಕ್ಕು. ಯಾವ ಕಂಪನಿಯಲ್ಲಾದರೂ ದುಡಿಯಬಹುದು, ಕೆಲಸ ಬಿಟ್ಟು ಆರು ತಿಂಗಳು ಮನೆಯಲ್ಲೂ ಇರಬಹುದು. ಅಮೆರಿಕದಲ್ಲಿ ಇದಕ್ಕೇ ಗ್ರೀನ್ ಕಾರ್ಡ್ ಅನ್ನುತ್ತಾರೆ. ಸಿಟಿಜನ್‌ಶಿಪ್ ಅಂದರೆ ಪೌರತ್ವ. ಅಲ್ಲಿನ ಪಾಸ್‌ಪೋರ್ಟ್, ಅಲ್ಲಿನ ವೋಟು.

ಪಿ.ಆರ್. ತಗೊಂಡರೆ ನಮ್ಮ ಇಂಡಿಯನ್ ಪಾಸ್‌ಪೋರ್ಟ್ ವಾಪಸ್ ಕೊಡಬೇಕಾ?

ಬೇಡ. ಪಿ.ಆರ್. ಇದ್ದರೂ ನೀವು ಭಾರತೀಯರೇ. ಅಲ್ಲಿನ ಪೌರತ್ವ ತಗೊಂಡ ದಿನ ಕಥೆ ಬೇರೆ. 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರರಾದ ಕೂಡಲೇ ಇಲ್ಲಿನ ಪೌರತ್ವ ತಾನಾಗಿ ಹೋಗುತ್ತದೆ. ಆಗ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಿದ್ದರೆ ಒ.ಸಿ.ಐ. ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಇಲ್ಲಿಗೆ ಬಂದುಹೋಗುವ ಕಾರ್ಡ್) ಮಾಡಿಸಿಕೊಳ್ಳಬಹುದು. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಇಟ್ಟುಕೊಳ್ಳಲು ಬಿಟ್ಟಿದೆ ಅಂತ ಕೆಲವರು ಖುಷಿಪಡುತ್ತಾರೆ. ಜರ್ಮನಿ ಬಿಟ್ಟರೇನು, ಭಾರತ ಬಿಡುವುದಿಲ್ಲ.

ಯಾವ ದೇಶ ಸುಲಭ?

ನಿಮ್ಮ ವಯಸ್ಸು, ಓದು, ಭಾಷೆ ಕೇಳದೆ ಇದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ.

ಕೆನಡಾ ಮತ್ತು ಆಸ್ಟ್ರೇಲಿಯಾ ಅಂಕ ಕೊಟ್ಟು ಆರಿಸುತ್ತವೆ. ಅಲ್ಲಿಗೆ ಹೋಗುವ ಮುಂಚೆಯೇ ಇಲ್ಲಿ ಕೂತು ಪಿ.ಆರ್. ಪಡೆಯಬಹುದು ಅನ್ನುವುದು ಇವೆರಡರ ದೊಡ್ಡ ಆಕರ್ಷಣೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಆನ್‌ಲೈನಿನಲ್ಲಿ ಅಂಕ ನೋಡಿ ಆರಿಸುವ ಪದ್ಧತಿ, 2015ರಲ್ಲಿ ಶುರುವಾಯಿತು. ಇಲ್ಲಿಂದ ಅರ್ಜಿ ಹಾಕುವ ನುರಿತ ಕೆಲಸಗಾರರು ಮೊದಲು 100ಕ್ಕೆ 67 ಅಂಕ ದಾಟಿ ಅರ್ಹರಾಗಬೇಕು. ಆಮೇಲೆ 1200 ಅಂಕದ ಇನ್ನೊಂದು ಪಟ್ಟಿಯಲ್ಲಿ ಪೈಪೋಟಿ. ಅದರಲ್ಲಿ 30 ತುಂಬಿದಾಗಿನಿಂದ ವಯಸ್ಸಿನ ಅಂಕ ವರ್ಷ ವರ್ಷ ಇಳಿಯುತ್ತದೆ, 45ಕ್ಕೆ ಸೊನ್ನೆ. ಆಸ್ಟ್ರೇಲಿಯಾದಲ್ಲಿ ಕನಿಷ್ಠ 65 ಅಂಕ, ಕರೆ ಬರುವಾಗ ವಯಸ್ಸು 45ರೊಳಗೆ. ಕನಿಷ್ಠ ಅಂಕ ಬಂದರೆ ಕರೆ ಬಂತು ಅಂತಲ್ಲ, ನಿಜವಾದ ಗೆರೆ ಅದಕ್ಕಿಂತ ಮೇಲೆಯೇ ಇರುತ್ತದೆ.

ಜರ್ಮನಿಯಲ್ಲಿ ಮೊದಲು ಕೆಲಸ, ಆಮೇಲೆ ಕಾಯಂ ವಾಸ. ಬ್ಲೂ ಕಾರ್ಡ್ (ಡಿಗ್ರಿ ಓದಿದ ಕೆಲಸಗಾರರ ವಾಸದ ಪರವಾನಗಿ) ಇದ್ದವರು 27 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಜರ್ಮನ್ ಭಾಷೆ ಬಿ1 ಮಟ್ಟಕ್ಕೆ ಬಂದಿದ್ದರೆ 21 ತಿಂಗಳು ಸಾಕು. ಕೋಲಾರದ ಕಡೆಯ ನರ್ಸಿಂಗ್ ಹುಡುಗಿಯರು ಈಗ ಜಾಸ್ತಿ ವಿಚಾರಿಸುತ್ತಿರುವುದು ಈ ದೇಶವನ್ನೇ. ಭಾಷೆ ಕಲಿಯಲು ಒಂದೂವರೆ ವರ್ಷ ಕೂರುವ ತಾಳ್ಮೆ ಇದ್ದರೆ ನನ್ನ ಪ್ರಕಾರ ಒಳ್ಳೆಯ ಆಯ್ಕೆ. ಇಂಗ್ಲಿಷಿನಲ್ಲೇ ನಡೆಯುತ್ತೆ ಅಂದುಕೊಂಡು ಹೊರಟರೆ ಆಸ್ಪತ್ರೆಯ ಕೆಲಸ ಆಗದು.

ಇಂಗ್ಲೆಂಡಿನಲ್ಲಿ ಕೆಲಸದ ವೀಸಾದ ಮೇಲೆ 5 ವರ್ಷ ಕಳೆದ ಮೇಲೆ ಕಾಯಂ ವಾಸ ಅಂತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಇದನ್ನು 10 ವರ್ಷಕ್ಕೆ ಏರಿಸುವ ಯೋಜನೆ ಮುಂದಿಟ್ಟಿತು. ಈಗ ಹೊರಡುವವರು 10ರ ಲೆಕ್ಕ ಹಾಕಿಕೊಂಡೇ ಹೊರಡುವುದು ಕ್ಷೇಮ. ದುಬೈ ಕಡೆ ನಾವು ಅಂದುಕೊಳ್ಳುವ ಪಿ.ಆರ್. ಇಲ್ಲ. ಸಾಮಾನ್ಯ ಕೆಲಸಗಾರರಿಗೆ ಕೆಲಸ ಇರುವ ತನಕ ವಾಸ. 10 ವರ್ಷದ ಗೋಲ್ಡನ್ ವೀಸಾ ಇದೆ, ಅದು ಹಣ ಹೂಡುವವರಿಗೆ, ವೈದ್ಯರು, ವಿಜ್ಞಾನಿಗಳಂಥವರಿಗೆ. ಅಮೆರಿಕದ ಮಾತು ಮುಂದೆ ಬರುತ್ತದೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಲಾಟರಿ ಇದೆಯಂತೆ. ಹಾಕಿಕೊಡ್ತೀರಾ?

ಲಾಟರಿ ನಿಜ, ಭಾರತದಲ್ಲಿ ಹುಟ್ಟಿದವರಿಗೆ ಅದರಲ್ಲಿ ಜಾಗವಿಲ್ಲ. ಹಿಂದಿನ 5 ವರ್ಷದಲ್ಲಿ 50,000ಕ್ಕಿಂತ ಜಾಸ್ತಿ ಜನರನ್ನು ಕಳಿಸಿದ ದೇಶಗಳನ್ನು ಅದು ಸೇರಿಸಿಕೊಳ್ಳುವುದಿಲ್ಲ. ಗಂಡನೋ ಹೆಂಡತಿಯೋ ಅರ್ಹ ದೇಶವೊಂದರಲ್ಲಿ ಹುಟ್ಟಿದ್ದರೆ ದಾರಿ ಉಂಟು. "ನಿಮ್ಮ ಹೆಸರು ಲಾಟರಿಯಲ್ಲಿ ಬಂದಿದೆ, ದುಡ್ಡು ಕಟ್ಟಿ" ಅಂತ ಬರುವ ಮೆಸೇಜ್ ಮೋಸ.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ನೋಡಿಕೊಳ್ಳಬಹುದು ಅಂತಾರಲ್ಲ?

ಕೆಲಸ ಹುಡುಕುವುದು ಕೆಲವು ದೇಶಗಳಲ್ಲಿ ತಪ್ಪಲ್ಲ, ಕೆಲಸ ಮಾಡುವುದು ಎಲ್ಲ ಕಡೆಯೂ ತಪ್ಪು. ಅವಧಿ ಮೀರಿ ಉಳಿದರೆ ದಂಡ, ಗಡಿಪಾರು, ಮುಂದಿನ ಅರ್ಜಿಗಳಿಗೆಲ್ಲ ಕಲ್ಲು. 2025ರ ಫೆಬ್ರವರಿಯಲ್ಲಿ ಅಮೆರಿಕ ತನ್ನ ಸೇನಾ ವಿಮಾನದಲ್ಲಿ ಭಾರತೀಯರನ್ನು ಕೈಗೆ ಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅವರಲ್ಲಿ ಹಲವರು ಏಜೆಂಟರಿಗೆ ಹತ್ತಾರು ಲಕ್ಷ ಕೊಟ್ಟು ಹೋದವರು. ಕೆಲಸ ಹುಡುಕಲೇ ಹೋಗಬೇಕು ಅಂದರೆ ಅದಕ್ಕೆ ಅಂತಲೇ ಇರುವ ವೀಸಾ ನೋಡಿ. ಜರ್ಮನಿ 2024ರ ಜೂನ್‌ನಲ್ಲಿ ತಂದ ಚಾನ್ಸನ್‌ಕಾರ್ಟೆ ಅಂಥದ್ದು.

ನನ್ನ ತಮ್ಮ ಎಸ್ಸೆಸ್ಸೆಲ್ಸಿ ಫೇಲು. ಗಲ್ಫ್‌ಗೆ ಕಳಿಸಬಹುದಾ?

ಕಳಿಸಬಹುದು, ಒಂದು ಹೆಜ್ಜೆ ಹೆಚ್ಚಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. (ವಲಸೆ ತಪಾಸಣೆ ಬೇಕು ಅನ್ನುವ) ಗುರುತು ಬೀಳುತ್ತದೆ. ಅಂಥವರು ಗಲ್ಫ್, ಮಲೇಷಿಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇ-ಮೈಗ್ರೇಟ್ ಪೋರ್ಟಲ್ ಮೂಲಕ ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ಕಿರಿಕಿರಿ ಅಂತ ತಪ್ಪಿಸಿಕೊಳ್ಳಲು ನೋಡುತ್ತಾರೆ. ಅನುಮತಿ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375. ಅಲ್ಲಿ ಅಪಘಾತವಾಗಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಬಂದರೆ 10 ಲಕ್ಷ. ತಮ್ಮನಿಗೆ ಈ ಅನುಮತಿ ಬೇಡ ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

## ಊರಿನ ಕಾಗದಗಳು

ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದೆ. ತೊಂದರೆ ಆಗುತ್ತಾ?

ನಮ್ಮ ಕಡೆಯ ಒಂದನೇ ನಂಬರಿನ ತೊಂದರೆ ಇದೇ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಶಾಲೆಯಲ್ಲಿ "ಮಂಜುನಾಥ ಕೆ.ವಿ." ಕೆ ಅಂದರೆ ಕೈವಾರ, ವಿ ಅಂದರೆ ಅಪ್ಪ ವೆಂಕಟೇಶಪ್ಪ. ಆಧಾರ್‌ನಲ್ಲಿ ಬರೀ "ಮಂಜುನಾಥ್". ಪಾಸ್‌ಪೋರ್ಟ್ ಮಾಡಿಸುವಾಗ ಸೈಬರ್ ಸೆಂಟರಿನ ಹುಡುಗ "ಕೈವಾರ ವೆಂಕಟೇಶಪ್ಪ" ಅನ್ನುವುದನ್ನು ಸರ್‌ನೇಮ್ ಜಾಗಕ್ಕೆ ಹಾಕಿದ್ದಾನೆ. ಡಿಗ್ರಿಯಲ್ಲಿ ಮತ್ತೆ ಕೆ.ವಿ. ಮುಂದೆ. ಹೊರದೇಶದ ಅಧಿಕಾರಿಗೆ ಇವರು ನಾಲ್ಕು ಬೇರೆ ಮನುಷ್ಯರು. ಹೆಂಡತಿಯ ಹೆಸರಿನ ಮುಂದೆ ಗಂಡನ ಇನಿಷಿಯಲ್ಲೋ ಅಪ್ಪನದೋ ಅನ್ನುವ ಗೊಂದಲ ಬೇರೆ.

ಮೊದಲು ಪಾಸ್‌ಪೋರ್ಟ್ ಸರಿ ಮಾಡಿ. ಹೊರದೇಶದಲ್ಲಿ ನಿಮ್ಮ ಹೆಸರು ಅಂದರೆ ಪಾಸ್‌ಪೋರ್ಟಿನ ಹೆಸರು. ಅರ್ಜಿ, ಐ.ಇ.ಎಲ್.ಟಿ.ಎಸ್. ಅನ್ನುವ ಇಂಗ್ಲಿಷ್ ಪರೀಕ್ಷೆ, ಬ್ಯಾಂಕ್ ಪತ್ರ ಎಲ್ಲವೂ ಅದಕ್ಕೇ ಹೊಂದಬೇಕು. ಹೆಸರು ಹಾಗೂ ಸರ್‌ನೇಮ್ ಎರಡೂ ಜಾಗ ತುಂಬಿರಲಿ. ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುತ್ತಿಲ್ಲ. ಅಮೆರಿಕದ ವೀಸಾದಲ್ಲಿ ಖಾಲಿ ಜಾಗಕ್ಕೆ "ಹೆಸರು ಗೊತ್ತಿಲ್ಲ" ಅನ್ನುವ ಅರ್ಥದ ಮೂರು ಅಕ್ಷರ ಹಾಕಿಬಿಡುತ್ತಾರೆ, ಆಮೇಲೆ ಅಲ್ಲಿನ ಡ್ರೈವಿಂಗ್ ಲೈಸೆನ್ಸಿನ ತನಕ ಅದೇ ನಿಮ್ಮ ಹೆಸರು.

ಇನಿಷಿಯಲ್ ಬಿಡಿಸಿ ಬರೆದಷ್ಟೇ ವ್ಯತ್ಯಾಸ ಆಗಿದ್ದರೆ ಮಾರ್ಕ್ಸ್ ಕಾರ್ಡ್ ತಿದ್ದಿಸಲು ಓಡಬೇಕಿಲ್ಲ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಅನ್ನು ಛಾಪಾ ಕಾಗದದ ಮೇಲೆ ಮಾಡಿಸಿ, ನೋಟರಿ ಹಾಕಿಸಿ ಜೊತೆಗಿಡಿ. ಅರ್ಜಿಯಲ್ಲಿ "ಬೇರೆ ಹೆಸರು ಬಳಸಿದ್ದೀರಾ" ಅನ್ನುವ ಕಡೆ ಹಳೆಯ ರೂಪಗಳನ್ನೆಲ್ಲ ಬರೆಯಿರಿ. ಆ ಜಾಗ ಇರುವುದೇ ಇದಕ್ಕೆ, ಜನ ಸುಮ್ನೆ ಹೆದರಿ "ಇಲ್ಲ" ಅಂತ ಒತ್ತುತ್ತಾರೆ. ಹೆಸರೇ ಪೂರ್ತಿ ಬೇರೆ ಆಗಿದ್ದರೆ, ಅಂದರೆ ಶಾಲೆಯಲ್ಲಿ ಮುನಿಯಪ್ಪ, ಈಗ ಮನೀಶ್, ಅಫಿಡವಿಟ್ ಸಾಲದು. ಪತ್ರಿಕೆ ಪ್ರಕಟಣೆ, ಗೆಜೆಟ್ ದಾರಿ ಹಿಡಿಯಬೇಕು.

ಹುಟ್ಟಿದ ಜಾಗ ಕೋಲಾರ ಅಂತ ಹಾಕೋದಾ, ಚಿಕ್ಕಬಳ್ಳಾಪುರ ಅಂತ ಹಾಕೋದಾ?

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಮುಂಚೆ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಹುಟ್ಟಿದವರ ಜನನ ಪತ್ರದಲ್ಲಿ ಕೋಲಾರ ಜಿಲ್ಲೆ ಅಂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಚಿಕ್ಕಬಳ್ಳಾಪುರ. ತುಮಕೂರಿನವರಿಗೂ ಇಂಗ್ಲಿಷ್ ಕಾಗುಣಿತದ್ದೇ ತಲೆನೋವು. 2014ರ ನವೆಂಬರ್ 1ಕ್ಕೆ ಅಧಿಕೃತ ಕಾಗುಣಿತ ಬದಲಾಯಿತು, ಹಳೆಯ ಕಾಗದವೆಲ್ಲ ಹಳೆಯ ಕಾಗುಣಿತದಲ್ಲಿದೆ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಜೊತೆಗೆ ಜಿಲ್ಲೆ ಒಡೆದ ವರ್ಷ, ಹೆಸರು ಬದಲಾದ ವರ್ಷ ತಿಳಿಸಿ ಎರಡು ಸಾಲಿನ ವಿವರಣೆ ಪತ್ರ ಸೇರಿಸಿ. ಇದಕ್ಕಾಗಿ ಯಾರಾದರೂ ಅರ್ಜಿ ತಿರಸ್ಕರಿಸಿದ್ದನ್ನು ನಾನು ಕಂಡಿಲ್ಲ. ಪ್ರಶ್ನೆ ಕೇಳಿ ತಿಂಗಳುಗಟ್ಟಲೆ ಕೂರಿಸಿದ್ದನ್ನು ಕಂಡಿದ್ದೇನೆ.

ನನ್ನ ನಿಜವಾದ ಹುಟ್ಟಿದ ದಿನವೇ ಬೇರೆ. ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆದುಬಿಟ್ಟರು. ಈಗ ಸರಿ ಮಾಡಿಸಲಾ?

ನಿಮ್ಮ ತರಗತಿಯಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿರಬೇಕು, ಅಲ್ವಾ? ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿಸಿ ಬರೆದ ದಿನ ಅದು. ಎಸ್ಸೆಸ್ಸೆಲ್ಸಿ, ಪಾಸ್‌ಪೋರ್ಟ್, ಪ್ಯಾನ್, ಆಧಾರ್ ನಾಲ್ಕರಲ್ಲೂ ಜೂನ್ 1 ಇದ್ದರೆ ಅದನ್ನು ಮುಟ್ಟಬೇಡಿ. ಅಜ್ಜಿ ನೆನಪಿಟ್ಟುಕೊಂಡ ದಿನ ಕಾಗದಕ್ಕೆ ಬೇಡ. ಹೊರಡುವ ವರ್ಷ ಹುಟ್ಟಿದ ದಿನ ಬದಲಿಸಿದರೆ ವಯಸ್ಸಿನ ಅಂಕಕ್ಕಾಗಿ ಮಾಡಿದ್ದಾರೆ ಅನ್ನುವ ಅನುಮಾನ ಮೊದಲು ಬರುತ್ತದೆ.

ಆಸ್ಪತ್ರೆಯಲ್ಲಿ ಹುಟ್ಟಿ ಜನನ ಪತ್ರದಲ್ಲಿ ಮಾರ್ಚ್ 14, ಉಳಿದೆಲ್ಲದರಲ್ಲಿ ಜೂನ್ 1 ಅಂತ ಇದ್ದರೆ ಮಾತ್ರ ನಿಜವಾದ ಸಮಸ್ಯೆ. ಗ್ರೀನ್ ಕಾರ್ಡ್ ಅರ್ಜಿಗೆ ಜನನ ಪತ್ರ ಕೊಡಲೇಬೇಕು, ಆಗ ಎರಡೂ ದಿನ ಒಂದೇ ಮೇಜಿನ ಮೇಲೆ ಬರುತ್ತವೆ. ಇಂಥ ಸಂದರ್ಭದಲ್ಲಿ ವಕೀಲರನ್ನು ಕಂಡು ಯಾವುದು ಉಳಿಯಬೇಕು ಅಂತ ಮೊದಲೇ ತೀರ್ಮಾನಿಸಿ. ಅರ್ಜಿ ಒಳಗೆ ಹೋದ ಮೇಲೆ ತಿದ್ದಲು ಹೊರಡಬೇಡಿ.

ಮನೆಯಲ್ಲೇ ಹುಟ್ಟಿದ್ದು, ಜನನ ಪತ್ರವೇ ಇಲ್ಲ. ಏನು ಮಾಡೋದು?

ಮೊದಲು ಹುಡುಕಿ. ನೀವು ಹುಟ್ಟಿದ ಊರಿನ ಗ್ರಾಮ ಲೆಕ್ಕಿಗರ ಹಳೆಯ ದಾಖಲೆ ತಾಲೂಕು ಕಚೇರಿಯಲ್ಲಿ ಇರಬಹುದು. ತಾಯಿಯ ತವರಿನಲ್ಲಿ ಹೆರಿಗೆ ಆಗಿದ್ದರೆ ಅಲ್ಲಿ ಕೇಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಸಿಕ್ಕದಿದ್ದರೆ "ದಾಖಲೆ ಲಭ್ಯವಿಲ್ಲ" ಅನ್ನುವ ಪತ್ರ ಬರೆಸಿಕೊಳ್ಳಿ. ಅದೂ ಒಂದು ದಾಖಲೆಯೇ, ಎಸೆಯಬೇಡಿ.

ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. 1969ರ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಒಪ್ಪಿಗೆ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಬಳಿ ಇದೆ. ಆದೇಶ ಸಿಕ್ಕ ಮೇಲೆ ರಾಜ್ಯದ ಜನನ ಮರಣ ನೋಂದಣಿ ತಾಣ ಇ-ಜನ್ಮದಲ್ಲಿ ಪತ್ರ ಬರುತ್ತದೆ. ಆದರೆ 30 ವರ್ಷ ಆದಮೇಲೆ ನೋಂದಾಯಿಸಿದ ಪತ್ರವನ್ನು ಅಮೆರಿಕದವರು ಒಂದನ್ನೇ ನಂಬುವುದಿಲ್ಲ. ಶಾಲೆಯ ದಾಖಲೆ ಮತ್ತು ನಿಮ್ಮ ಹುಟ್ಟು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಜೊತೆಗಿರಲಿ. ಸೋದರಮಾವ, ದೊಡ್ಡಮ್ಮ ನಡೆಯುತ್ತಾರೆ. ನಿಮಗಿಂತ ಚಿಕ್ಕವರು ನಡೆಯುವುದಿಲ್ಲ, ಕಂಡವರು ತಾನೇ ಹೇಳಬೇಕು.

ಇನ್ನೊಂದು ಕಾಡುವ ಸಂಗತಿ. ಹಳೆಯ ಪತ್ರಗಳಲ್ಲಿ "ಹೆಣ್ಣು ಮಗು" ಅಂತಿರುತ್ತದೆ, ಹೆಸರಿನ ಜಾಗ ಖಾಲಿ. ಮಕ್ಕಳದಾಗಿದ್ದರೆ 15 ವರ್ಷದೊಳಗೆ ಹೆಸರು ಸೇರಿಸಿಬಿಡಿ.

ಮದುವೆ ಆಗಿ 12 ವರ್ಷ ಆಯ್ತು, ರಿಜಿಸ್ಟರ್ ಮಾಡಿಸಿಲ್ಲ. ಫೋಟೋ ಸಾಲದಾ?

ಸಾಲದು. ಗಂಡ ಹೆಂಡತಿ ಜೊತೆಗೆ ಹೋಗುವ ಎಲ್ಲ ಅರ್ಜಿಗೂ ನೋಂದಣಿ ಪತ್ರ ಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಲಗ್ನಪತ್ರಿಕೆ, ಮದುವೆ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು. ಲಗ್ನಪತ್ರಿಕೆಯಲ್ಲಿ "ಚಿ. ಸೌ. ಪುಟ್ಟಿ" ಅಂತ ಮುದ್ದಿನ ಹೆಸರು ಇದ್ದರೆ ಕೌಂಟರಿನಲ್ಲಿ ಪ್ರಶ್ನೆ ಬರಬಹುದು, ಅಫಿಡವಿಟ್ ಒಯ್ಯಿರಿ. ಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಕಾಗುಣಿತ ಓದಿ.

ಅಪೊಸ್ಟಿಲ್ ಎಲ್ಲದಕ್ಕೂ ಮಾಡಿಸಲೇಬೇಕಾ? ಒಂದೊಂದಕ್ಕೆ ಸಾವಿರಾರು ಕೇಳ್ತಿದ್ದಾರೆ.

ಬೇಡ. ಅಪೊಸ್ಟಿಲ್ ಅಂದರೆ ನಮ್ಮ ಕಾಗದ ಅಸಲಿ ಅಂತ ಹೊರದೇಶಕ್ಕೆ ತಿಳಿಸುವ ವಿದೇಶಾಂಗ ಸಚಿವಾಲಯದ ಮುದ್ರೆ. ಮೊದಲು ಆ ದೇಶ ಕೇಳಿದೆಯಾ ನೋಡಿ. ಕೆನಡಾದ ಪಿ.ಆರ್. ಅರ್ಜಿಗೆ ಸಾಮಾನ್ಯವಾಗಿ ಬೇಕಿಲ್ಲ. ಸ್ಕ್ಯಾನ್ ಮಾಡಿ ಹಾಕಿದರೆ ಆಯಿತು. ಅರಬ್ ಎಮಿರೇಟ್ಸ್ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲ, ಅಲ್ಲಿಗೆ ರಾಯಭಾರ ಕಚೇರಿಯ ಮುದ್ರೆ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಅಪೊಸ್ಟಿಲ್ ಒಪ್ಪಿಲ್ಲ. ಅಲ್ಲಿನ ಕಚೇರಿ ಬೇಕೆಂದರೆ ತನ್ನ ಕಾನ್ಸುಲೇಟ್ ಮೂಲಕ ನಮ್ಮ ಜನನ, ಮದುವೆ ಪತ್ರ ಪರಿಶೀಲಿಸುತ್ತದೆ. ಅಂದರೆ ಜರ್ಮನಿಗೆ ಅಂತ ಜನನ ಪತ್ರಕ್ಕೆ ಅಪೊಸ್ಟಿಲ್ ಹಾಕಿಸಿದವರ ದುಡ್ಡು ನೀರಿಗೆ.

ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಸಚಿವಾಲಯ ನೇರವಾಗಿ ಜನರಿಂದ ತಗೊಳ್ಳುವುದಿಲ್ಲ, ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು, ಅದಕ್ಕೊಂದು ಸಣ್ಣ ಸೇವಾ ಶುಲ್ಕ. ಅದಕ್ಕೂ ಮುಂಚೆ ರಾಜ್ಯ ಮಟ್ಟದ ದೃಢೀಕರಣ ಆಗಬೇಕು. ಸಾವಿರಾರು ಹೋಗುವುದು ನಡುವಿನವರ ಓಡಾಟಕ್ಕೆ.

ಪೊಲೀಸ್ ಸರ್ಟಿಫಿಕೇಟ್ ಊರ ಸ್ಟೇಷನ್ನಿನಲ್ಲೇ ತಗೊಂಡ್ರೆ ಆಗಲ್ವಾ?

ಬಹುತೇಕ ದೇಶಗಳಿಗೆ ಬೇಕಿರುವುದು ಪಾಸ್‌ಪೋರ್ಟ್ ಕಚೇರಿ ಕೊಡುವ ಪಿ.ಸಿ.ಸಿ., ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ, 500 ರೂಪಾಯಿ. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ತೆಗೆದುಕೊಳ್ಳುತ್ತಾರೆ. ಪೊಲೀಸರು ಈಗಿನ ವಿಳಾಸಕ್ಕೆ ಬರುತ್ತಾರೆ. ಪಾಸ್‌ಪೋರ್ಟಿನಲ್ಲಿ ಪಾವಗಡ, ವಾಸ ಪೀಣ್ಯದಲ್ಲಿ ಅಂತಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ನಡುವೆ ದುಬೈನಲ್ಲಿ 6 ತಿಂಗಳಿಗಿಂತ ಜಾಸ್ತಿ ಇದ್ದಿದ್ದರೆ ಕೆನಡಾದಂಥ ದೇಶಗಳು ಅಲ್ಲಿನ ಪೊಲೀಸ್ ಪತ್ರವನ್ನೂ ಕೇಳುತ್ತವೆ. ಅದು ತಡ, ಮೊದಲೇ ಶುರು ಮಾಡಿ.

ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಸಿಗುತ್ತೆ? ಕಾಲೇಜಿನವರು ನಮಗೆ ಸಂಬಂಧ ಇಲ್ಲ ಅಂದರು.

ಟ್ರಾನ್ಸ್‌ಕ್ರಿಪ್ಟ್ ಅಂದರೆ ಓದಿದ ವಿಷಯ, ಅಂಕಗಳನ್ನೆಲ್ಲ ಒಟ್ಟಿಗೆ ಬರೆದ ಅಧಿಕೃತ ಪತ್ರ. ಯಾವ ವಿಶ್ವವಿದ್ಯಾಲಯ ಡಿಗ್ರಿ ಕೊಟ್ಟಿತೋ ಅಲ್ಲಿ ಸಿಗುತ್ತದೆ. ಇಲ್ಲೇ ಗೊಂದಲ. ತುಮಕೂರು ವಿಶ್ವವಿದ್ಯಾಲಯ ಆಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಬಿ.ಕಾಂ. ಮುಗಿಸಿದವರು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಹೋಗಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು, ಅದಕ್ಕಿಂತ ಹಳಬರದೂ ಜ್ಞಾನಭಾರತಿಯೇ. ಇಂಜಿನಿಯರಿಂಗ್‌ನವರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನರ್ಸಿಂಗ್‌ನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ನರ್ಸ್‌ಗಳು ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ.

ಇಡೀ ಕೆಲಸದಲ್ಲಿ ಬಹಳ ತಡವಾಗುವುದು ಇದೇ. ಐ.ಇ.ಎಲ್.ಟಿ.ಎಸ್. ಅಂಕ 2 ವರ್ಷಕ್ಕೆ ಸತ್ತುಹೋಗುತ್ತದೆ, ಕೆನಡಾದ ಓದಿನ ಮೌಲ್ಯಮಾಪನ 5 ವರ್ಷ ಬಾಳುತ್ತದೆ. ಅದಕ್ಕೇ ಟ್ರಾನ್ಸ್‌ಕ್ರಿಪ್ಟ್ ಮೊದಲು, ಪರೀಕ್ಷೆ ಆಮೇಲೆ.

## ದುಡ್ಡು ಮತ್ತು ಏಜೆಂಟರು

ನಾಲ್ಕು ಎಕರೆ ತೋಟ ಇದೆ, ಪಹಣಿ ತೋರಿಸಿದರೆ ಹಣದ ಪುರಾವೆ ಆಗಲ್ವಾ?

ಆಗಲ್ಲ. ಶ್ರೀನಿವಾಸಪುರದ ಮಾವಿನ ತೋಟ ಕೋಟಿ ಬೆಲೆಬಾಳಲಿ, ಕೆನಡಾದವರು ಅದನ್ನು ಸೊನ್ನೆ ಅಂತಲೇ ಎಣಿಸುತ್ತಾರೆ. ಬೇಕಿರುವುದು ನಿಮ್ಮ ಖಾತೆಯಲ್ಲಿರುವ, ಬೇಕೆಂದಾಗ ತೆಗೆಯಬಹುದಾದ ಹಣ. ಕೈಸಾಲವೂ ಲೆಕ್ಕಕ್ಕಿಲ್ಲ. ಬ್ಯಾಂಕ್ ಪತ್ರದಲ್ಲಿ ಈಗಿನ ಮೊತ್ತದ ಜೊತೆ ಹಿಂದಿನ 6 ತಿಂಗಳ ಸರಾಸರಿಯೂ ಇರಬೇಕು. ಅರ್ಜಿಯ ಹಿಂದಿನ ವಾರ ಚಿಕ್ಕಪ್ಪ ಹಾಕಿದ 15 ಲಕ್ಷ ಅಲ್ಲಿ ಎದ್ದು ಕಾಣುತ್ತದೆ.

ತೋಟ ಉಪಯೋಗಕ್ಕೇ ಬರದು ಅಂತಲ್ಲ. ಅಪ್ಪ ಜಮೀನು ಮಾರಿ ಮಗನಿಗೆ ಕೊಟ್ಟಿದ್ದರೆ ಕ್ರಯಪತ್ರ ಮತ್ತು ಉಡುಗೊರೆ ಪತ್ರ ಜೊತೆಗಿಡಿ, ಹಣ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಟೊಮೇಟೊ, ರೇಷ್ಮೆಗೂಡಿನ ಹಣ ಕೈಯಲ್ಲಿ ಬಂದರೆ ಮಂಡಿಯ ಚೀಟಿ ಬಿಸಾಡದೆ ಬ್ಯಾಂಕಿಗೆ ಕಟ್ಟಿ. ಆದರೆ ಪಿ.ಆರ್. ಆಸೆಗೆ ಜಮೀನು ಮಾರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆ ಅನ್ನುವುದು ಜಮೀನಿನ ಪ್ರಶ್ನೆಯಲ್ಲಿ ಕೊನೆಗೆ ಬರುತ್ತದೆ.

ಕನ್ಸಲ್ಟೆನ್ಸಿಯವರು ಗ್ಯಾರಂಟಿ ಪಿ.ಆರ್. ಅಂದಿದ್ದಾರೆ. 4 ಲಕ್ಷ ಕೇಳಿದ್ದಾರೆ. ಕೊಡಲಾ?

ಗ್ಯಾರಂಟಿ ಅಂದ ಕಡೆ ಕೊಡಬೇಡಿ. ಪಿ.ಆರ್. ಕೊಡುವುದು ಅಲ್ಲಿನ ಸರ್ಕಾರ. ಕೆನಡಾ, ಆಸ್ಟ್ರೇಲಿಯಾದಂಥ ಕಡೆ ಅರ್ಜಿ ನೀವೇ ಹಾಕಬಹುದು, ಏಜೆಂಟ್ ಕಡ್ಡಾಯವಲ್ಲ.

ನೆರವು ಬೇಕೇ ಬೇಕು ಅಂದರೆ ಲೈಸೆನ್ಸ್ ಕೇಳಿ. ಕೆನಡಾದ ಅರ್ಜಿಗೆ ದುಡ್ಡು ತಗೊಂಡು ಸಲಹೆ ಕೊಡುವವರು ಅಲ್ಲಿನ ವಕೀಲರಾಗಿರಬೇಕು ಅಥವಾ ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಷನ್ ಆ್ಯಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನಲ್ಲಿ ನೋಂದಾಯಿಸಿರಬೇಕು. ಆಸ್ಟ್ರೇಲಿಯಾಕ್ಕೆ ಮಾರಾ, ಅಂದರೆ ಅಲ್ಲಿನ ವಲಸೆ ಏಜೆಂಟರ ನೋಂದಣಿ ಪ್ರಾಧಿಕಾರದ ನೋಂದಣಿ ಇದ್ದವರನ್ನೇ ನೋಡಿ. ಎರಡೂ ಪಟ್ಟಿ ಯಾರಾದರೂ ತೆರೆದು ನೋಡಬಹುದು. ಕೆಲಸಕ್ಕೆ ಕಳಿಸುವ ಏಜೆಂಟರದ್ದು ಬೇರೆ ವಿಷಯ, ಅವರಿಗೆ 1983ರ ಎಮಿಗ್ರೇಷನ್ ಕಾಯ್ದೆಯಡಿ ಲೈಸೆನ್ಸ್ ಬೇಕು. ಅವರು ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ., ರಸೀದಿ ಸಮೇತ. ಲೈಸೆನ್ಸ್ ಇದೆಯಾ ಅಂತ ಇ-ಮೈಗ್ರೇಟ್‌ನಲ್ಲಿ ಗೊತ್ತಾಗುತ್ತದೆ. ಅರ್ಜಿಯ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ, ಮೂಲ ಮಾರ್ಕ್ಸ್ ಕಾರ್ಡ್ ಯಾರ ಬೀರುವಿನಲ್ಲೂ ಬಿಡಬೇಡಿ.

ಅನುಭವದ ಪತ್ರ ರೆಡಿ ಮಾಡಿಕೊಡ್ತಾರಂತೆ. ಯಾರಿಗೆ ಗೊತ್ತಾಗುತ್ತೆ?

ಅವರು ಕಂಪನಿಗೆ ಫೋನ್ ಮಾಡುತ್ತಾರೆ, ಪಿ.ಎಫ್. ಕೇಳುತ್ತಾರೆ, ಸಂಬಳದ ಬ್ಯಾಂಕ್ ಹೇಳಿಕೆ ಕೇಳುತ್ತಾರೆ. ಸಿಕ್ಕಿಬಿದ್ದರೆ ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ, ಇಂಗ್ಲೆಂಡ್ 10 ವರ್ಷ. ಅಮೆರಿಕದ ನಿಷೇಧ ಜೀವನಪರ್ಯಂತ.

## ಅರ್ಜಿ ಹಾಕಿದ ಮೇಲೆ

ಹತ್ತು ವರ್ಷದ ಹಿಂದೆ ಟಿ.ಬಿ. ಆಗಿತ್ತು. ಮೆಡಿಕಲ್‌ನಲ್ಲಿ ಹೊಡೆದುಹಾಕ್ತಾರಾ?

ಕೆನಡಾ, ಆಸ್ಟ್ರೇಲಿಯಾ, ಅಮೆರಿಕದಂಥ ಕಡೆ ವಾಸಿಯಾದ ಟಿ.ಬಿ.ಯಿಂದ ಅರ್ಜಿ ಬಿದ್ದುಹೋಗುವುದಿಲ್ಲ, ಗಲ್ಫ್‌ನಲ್ಲಿ ನಿಯಮ ಬಿಗಿ. ಎಕ್ಸ್‌ರೇನಲ್ಲಿ ಹಳೆಯ ಕಲೆ ಕಂಡರೆ ಕಫ ಪರೀಕ್ಷೆ ಮಾಡುತ್ತಾರೆ, ಅದರ ಫಲಿತಾಂಶಕ್ಕೆ ವಾರಗಟ್ಟಲೆ ಬೇಕು. ಆಗಿನ ಚಿಕಿತ್ಸೆಯ ಕಾರ್ಡ್ ಇದ್ದರೆ ಒಯ್ಯಿರಿ. ಮುಚ್ಚಿಡಬೇಡಿ, ಎಕ್ಸ್‌ರೇ ಹೇಗೂ ಹೇಳುತ್ತದೆ. ಮನೆ ಡಾಕ್ಟರ ಚೀಟಿ ನಡೆಯುವುದಿಲ್ಲ, ಆ ದೇಶ ಒಪ್ಪಿದ ವೈದ್ಯರ ಬಳಿಯೇ ಹೋಗಬೇಕು. ನಮಗೆ ಹತ್ತಿರದವರು ಬೆಂಗಳೂರಿನಲ್ಲಿದ್ದಾರೆ.

ಹಿಂದೆ ಒಮ್ಮೆ ವೀಸಾ ರಿಜೆಕ್ಟ್ ಆಗಿತ್ತು. ಹೇಳಲೇಬೇಕಾ?

ಹೇಳಿ. ತಿರಸ್ಕಾರವಾಗಿದ್ದು ತಪ್ಪಲ್ಲ, ಬಚ್ಚಿಟ್ಟರೆ ಸುಳ್ಳು ಹೇಳಿದ ಲೆಕ್ಕ. ಕೆನಡಾ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಇಂಥ ಮಾಹಿತಿ ಪರಸ್ಪರ ಹಂಚಿಕೊಳ್ಳುತ್ತವೆ.

ಮಗ ಅಮೆರಿಕದಲ್ಲಿ ಎಂಟು ವರ್ಷದಿಂದ ಇದ್ದಾನೆ. ಗ್ರೀನ್ ಕಾರ್ಡ್ ಯಾಕೆ ಬಂದಿಲ್ಲ?

ಅವನ ತಪ್ಪಿಲ್ಲಮ್ಮ. ಕೆಲಸದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ, ಹೆಂಡತಿ ಮಕ್ಕಳೂ ಅದರಲ್ಲೇ ಬರಬೇಕು. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ರ ಮಿತಿ. ಪುಟ್ಟ ದೇಶಕ್ಕೂ ಅಷ್ಟೇ, ನಮಗೂ ಅಷ್ಟೇ. ಅದಕ್ಕೇ ಭಾರತೀಯರ ಸಾಲು ಹತ್ತು ವರ್ಷಕ್ಕೂ ಉದ್ದ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆ ಆಗಿದ್ದರೆ 6 ವರ್ಷ ದಾಟಿದರೂ ಎಚ್-1ಬಿ ಕೆಲಸದ ವೀಸಾ ಮುಂದುವರಿಸಿಕೊಂಡು ಅಲ್ಲೇ ಇರಬಹುದು. ಅದು ಆಗಿದೆಯಾ ಅಂತ ಮಗನನ್ನು ಕೇಳಿ. ಮೊಮ್ಮಗ ಇಲ್ಲಿ ಹುಟ್ಟಿ ಅಲ್ಲಿಗೆ ಹೋದವನಾದರೆ 21ರ ಗಡಿಯ ಮೇಲೆ ಕಣ್ಣಿಡಬೇಕು. ಅದು ದಾಟಿದರೆ ಅಪ್ಪನ ಅರ್ಜಿಯಿಂದ ಅವನು ಹೊರಬೀಳಬಹುದು.

ಪಿ.ಆರ್. ಬಂದ ಮೇಲೆ ಊರಲ್ಲೇ ಇರಬಹುದಾ? ಕಾರ್ಡ್ ಇರುತ್ತಲ್ಲ.

ಕಾರ್ಡ್ ಇರುತ್ತದೆ, ಹಕ್ಕು ಹೋಗುತ್ತದೆ. ಕೆನಡಾದಲ್ಲಿ ಪ್ರತಿ 5 ವರ್ಷದಲ್ಲಿ 730 ದಿನ ಇರಬೇಕು. ಜರ್ಮನಿಯ ಕಾಯಂ ಪರವಾನಗಿ 6 ತಿಂಗಳು ಹೊರಗಿದ್ದರೆ ಸಾಮಾನ್ಯವಾಗಿ ರದ್ದು. ಇಂಗ್ಲೆಂಡಿನದು 2 ವರ್ಷ ಸತತ ಹೊರಗಿದ್ದರೆ. ಅಮೆರಿಕ ಬಿಟ್ಟು ವರ್ಷಕ್ಕಿಂತ ಜಾಸ್ತಿ ಇರುವುದಾದರೆ ಹೊರಡುವ ಮುಂಚೆಯೇ ಮರುಪ್ರವೇಶದ ಪರ್ಮಿಟ್ ತಗೊಳ್ಳಬೇಕು. ಸಾಮಾನ್ಯ ದುಬೈ ವಾಸದ ವೀಸಾ 6 ತಿಂಗಳಿಗೆ ಮುಗಿಯಿತು.

ಅಪ್ಪ ಅಮ್ಮನ್ನೂ ಕಾಯಂ ಕರೆಸಿಕೊಳ್ಳಬಹುದಾ?

ಹೊರಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು, ಜನ ಹೋಗಿ ಹತ್ತು ವರ್ಷ ಆದಮೇಲೆ ಕೇಳುತ್ತಾರೆ. ನಿಮ್ಮ ಪಿ.ಆರ್. ಅರ್ಜಿಯಲ್ಲಿ ಗಂಡ, ಹೆಂಡತಿ, ಮಕ್ಕಳು ಸೇರುತ್ತಾರೆ. ಅಪ್ಪ ಅಮ್ಮ ಸೇರುವುದಿಲ್ಲ. ಕೆನಡಾದಲ್ಲಿ ಅವರಿಗೊಂದು ಯೋಜನೆ ಇದೆ, ಆದರೆ 2020ರಲ್ಲಿ ಹೆಸರು ಕೊಟ್ಟವರಿಂದಲೇ 2025ರಲ್ಲೂ ಆರಿಸಿದರು. ಕೈಗೆ ಸಿಗುವುದು ಸೂಪರ್ ವೀಸಾ, ಒಮ್ಮೆ ಹೋದರೆ 5 ವರ್ಷದ ತನಕ ಇರಬಹುದು, ಆರೋಗ್ಯ ವಿಮೆ ಕಡ್ಡಾಯ. ಇಂಗ್ಲೆಂಡಿನಲ್ಲಿ ಈ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಜರ್ಮನಿಯಲ್ಲಿ 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಪರವಾನಗಿ ಪಡೆದ ನುರಿತ ಕೆಲಸಗಾರರು ಷರತ್ತುಗಳ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದು. ಅಮೆರಿಕದಲ್ಲಿ ಮಕ್ಕಳು ಪೌರರಾದ ಮೇಲೆ ಅಪ್ಪ ಅಮ್ಮನಿಗೆ ಬೇಗ ಸಿಗುತ್ತದೆ, ಗ್ರೀನ್ ಕಾರ್ಡ್ ಇದ್ದರೆ ಸಾಲದು.

ಹೊರಗೆ ನೆಲೆಸಿದರೆ ಊರಿನ ಜಮೀನು ಏನಾಗುತ್ತೆ?

ಇರುವುದು ಇರುತ್ತದೆ. ಇಲ್ಲಿದ್ದಾಗ ಕೊಂಡ ಜಮೀನು, ಅಪ್ಪನಿಂದ ಬಂದ ಪಾಲು ಎರಡನ್ನೂ ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆ ತಿದ್ದಿ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತ ಮಾಡಿದರಲ್ಲ ಅಂತ ಕೇಳುತ್ತಾರೆ. ಅದು ರಾಜ್ಯದ ಕಾಯ್ದೆ. ಅನಿವಾಸಿಗಳನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ, ಅದು ಬದಲಾಗಿಲ್ಲ. ಸೈಟು, ಮನೆ, ಫ್ಲ್ಯಾಟ್ ಕೊಳ್ಳಬಹುದು. ಅಂದರೆ ಹೋಗುವಾಗ ಮಾರಿದ ತೋಟವನ್ನು ಡಾಲರ್ ದುಡಿದರೂ ಅನಿವಾಸಿಯಾಗಿರುವ ತನಕ ವಾಪಸ್ ಕೊಳ್ಳಲಾಗದು.

ಅಲ್ಲಿಂದ ಅಣ್ಣನಿಗೆ ಜಿ.ಪಿ.ಎ. (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಡುವುದಾದರೆ ಭಾರತದ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಶುಲ್ಕ ಕಟ್ಟಬೇಕು. ಏನೇನು ಮಾಡಬಹುದು ಅಂತ ಅದರಲ್ಲಿ ಬಿಡಿಸಿ ಬರೆಸಿ. ಬಾಡಿಗೆ ವಸೂಲಿಗೆ ಕೊಟ್ಟ ಪತ್ರದಲ್ಲಿ ಮಾರುವ ಅಧಿಕಾರ ಇರಬೇಕಿಲ್ಲ. ಊರಿನ ಉಳಿತಾಯ ಖಾತೆಯನ್ನು ಎನ್.ಆರ್.ಒ. (ಅನಿವಾಸಿಗಳ ಇಲ್ಲಿನ ಆದಾಯದ) ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ತಿಳಿಸಿ. ತೆಂಗಿನಕಾಯಿ ದುಡ್ಡು, ಬಾಡಿಗೆ ಅದಕ್ಕೇ ಬೀಳಲಿ.